ಹೇಳುವ ಮೊದಲೇ ಹಾರಿದ ಪುಟ್ಯಾ

ಗೋಕುಲ ರಸ್ತೆಯ ಮೈಮುನಾಳ ಫಾಲ್-ಪಿಕೋ ಅಂಗಡಿಗೆ ಹೋದವರ ಬಾಯಿಗೆ ಕೆಲಸವೇ ಇರುವುದಿಲ್ಲ. ಚೀಲದಿಂದ ಸೀರೆ ಹೊರಗೆ ಬರುವಷ್ಟರಲ್ಲಿ ಅವಳೇ ಶುರು ಮಾಡಿರುತ್ತಾಳೆ. "ಫಾಲ್ ಹಚ್ಚಬೇಕು, ಸೆರಗಿಗೆ ಪಿಕೋ ಮಾಡಬೇಕು, ಬ್ಲೌಸ್ ಪೀಸ್ ಕತ್ತರಿಸಿ ಬ್ಯಾರೆ ಇಡಬೇಕು, ನಾಳೆ ಸಂಜಿಕ ಬೇಕು. ಹೌದಿಲ್ರಿ?" ಹೌದು ಅನ್ನುವುದೊಂದೇ ಗಿರಾಕಿಯ ಪಾಲಿಗೆ ಉಳಿಯುವ ಮಾತು. ದೇಶಪಾಂಡೆ ನಗರದಿಂದ ಬರುವ ನಿವೃತ್ತ ಶಿಕ್ಷಕಿಯೊಬ್ಬರು, "ಮೂವತ್ತು ವರ್ಷ ಸಾಲ್ಯಾಗ ನಾನ ಮಾತಾಡೇನಿ, ಇಲ್ಲಿ ಬಂದು ಬಾಯಿ ಮುಚ್ಚಿ ಕೂಡೂದಾತು" ಎಂದು ಗೊಣಗಿದ್ದುಂಟು. ಗೊಣಗಿದರೂ ಮುಂದಿನ ಸೀರೆಗೆ ಅವರು ಇಲ್ಲಿಗೇ ಬಂದರು. ಮೈಮುನಾಳ ಊಹೆ ತಪ್ಪುವುದಿಲ್ಲವಲ್ಲ, ಅದಕ್ಕೆ.

ಎದುರಿನವರ ಮಾತನ್ನು ಅವರಿಗಿಂತ ಮೊದಲೇ ಮುಗಿಸುವ ಈ ಬುದ್ಧಿಯನ್ನು ಅವಳು ದೇವರು ಕೊಟ್ಟ ಗುಣವೆಂದೇ ತಿಳಿದಿದ್ದಳು. ಪಕ್ಕದಲ್ಲೇ ಬೈಕ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಗಂಡ ಜಾವೀದ ಮಾತ್ರ ಅದನ್ನು ಚಾಳಿ ಅನ್ನುತ್ತಿದ್ದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ತಾನು ಒಂದು ಮಾತನ್ನೂ ಪೂರ್ತಿ ಆಡಿಲ್ಲವೆಂಬುದು ಅವನ ದೂರು. ಪಾಪ, ಆ ದೂರನ್ನೂ ಅವನಿಗೆ ಪೂರ್ತಿ ಹೇಳಲು ಬಿಡದೆ ಕೊನೆಯ ಅರ್ಧವನ್ನು ಅವಳೇ ಹೇಳಿ ಮುಗಿಸುತ್ತಿದ್ದಳು.

ಈ ಗುಣದಿಂದ ತಾನು ಒಮ್ಮೆ, ಒಂದೇ ಒಂದು ಸಲ, ಒಂದು ಮಗುವಿಗೆ ದೊಡ್ಡ ಉಪಕಾರ ಮಾಡಿದ್ದೇನೆಂದು ಮೈಮುನಾಳ ನಂಬಿಕೆ. ಅದನ್ನು ಮಗಳು ಮುಸ್ಕಾನ್‌ಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಮಧ್ಯಾಹ್ನ, ಮಿಷನ್‌ಗೆ ಎಣ್ಣೆ ಬಿಡುತ್ತ ಆ ಒಂದು ಐತ್ವಾರವನ್ನು ನೆನೆದು ಒಬ್ಬಳೇ ನಗುತ್ತಿದ್ದಳು. ದಿನವಿಡೀ ಬೇರೆಯವರ ಸೀರೆಯ ಅಂಚು ಹೊಲಿಯುವವಳಿಗೆ ತನ್ನದು ಅಂತ ಒಂದು ಒಳ್ಳೆಯ ಕೆಲಸ ಬೇಕಾಗುತ್ತದೆ. ಅವಳಿಗೆ ಅದು ಇತ್ತು.

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಮೈಮುನಾಗೆ ಆಗ ಹತ್ತೊಂಬತ್ತು. ಹಳೇ ಹುಬ್ಬಳ್ಳಿಯ ಅವರ ಮನೆಯಲ್ಲಿ ಅಪ್ಪ ಕಾಸಿಮಸಾಬ ಸ್ಟೋವ್, ಛತ್ರಿ ರಿಪೇರಿ ಮಾಡುತ್ತಿದ್ದ; ಅಣ್ಣ ಇಸ್ತಿಯಾಕ ಟಿವಿ ರಿಪೇರಿ ಕಲಿತು ಪಡಸಾಲೆಯನ್ನೇ ಅಂಗಡಿ ಮಾಡಿಕೊಂಡಿದ್ದ. ಆ ಕಾಲಕ್ಕೆ ಊರಿನ ಮಕ್ಕಳಿಗೆಲ್ಲ ವಿಡಿಯೋ ಗೇಮಿನ ಹುಚ್ಚು. ಟಿವಿಗೆ ಸಿಕ್ಕಿಸುವ ಡಬ್ಬಿ, ಅದರ ನೆತ್ತಿಗೆ ತುರುಕುವ ಹಳದಿ ಕ್ಯಾಸೆಟ್ಟು, ಎರಡು ಗುಂಡಿಯ ಒಂದು ಹ್ಯಾಂಡಲ್. ತಿಂಗಳಿಗೊಮ್ಮೆ ಕೆಡದಿದ್ದರೆ ಅದು ವಿಡಿಯೋ ಗೇಮೇ ಅಲ್ಲ. ಕೆಟ್ಟವೆಲ್ಲ ಇಸ್ತಿಯಾಕನ ಹತ್ತಿರ ಬರುತ್ತಿದ್ದವು.

ರಿಪೇರಿಯಾದ ಡಬ್ಬಿಯನ್ನು ಎರಡು ತಾಸು ಓಡಿಸಿ ನೋಡದೆ ಇಸ್ತಿಯಾಕ ಯಾರಿಗೂ ಕೊಡುತ್ತಿರಲಿಲ್ಲ. ಬಿಸಿಯಾದ ಮೇಲೆ ಚಿತ್ರ ನಿಂತುಬಿಟ್ಟರೆ ಗಿರಾಕಿ ತಿರುಗಿ ಬಂದು ಜಗಳ ತೆಗೆಯುತ್ತಾನಲ್ಲ! ಅಣ್ಣನಿಗೆ ಕೂತು ಆಡಲು ಪುರಸೊತ್ತಿಲ್ಲ. ಹಾಗಾಗಿ ಟೆಸ್ಟಿಂಗ್ ಕೆಲಸ ತಂಗಿಯ ತಲೆಗೆ ಬಂತು. ಒಂದು ಕಣ್ಣು ಒಲೆಯ ಮೇಲಿನ ಹಾಲಿನ ಕಡೆ, ಇನ್ನೊಂದು ಟಿವಿ ಕಡೆ ಇಟ್ಟು ಅವಳು ದಿನಕ್ಕೆ ಮೂರು ಮೂರು ಆಟ ಮುಗಿಸಿ ಹಾಕುತ್ತಿದ್ದಳು. ತಾಯಿ ಮಾಶಾಬಿ, "ಹ್ಯಾಂಡಲ್ ಒತ್ತಿ ಒತ್ತಿ ರೊಟ್ಟಿ ಬಡಿಯೂದ ಮರೀತಿ ನೋಡು" ಎಂದು ಬೈಯುತ್ತಿದ್ದಳು. ಹಾಲು ಒಮ್ಮೆಯೂ ಉಕ್ಕಲಿಲ್ಲ, ಆಟವೂ ಸೋಲಲಿಲ್ಲ.

ದೇಶಪಾಂಡೆ ನಗರದ ಒಂದು ಕೇಬಲ್ ಆಫೀಸಿನ ವೈರು, ಮಿಷನ್ನುಗಳ ಉಸ್ತುವಾರಿಯೂ ಇಸ್ತಿಯಾಕನದೇ ಆಗಿತ್ತು. ಊರಿನ ಸುದ್ದಿ, ಮದುವೆಯ ಕ್ಯಾಸೆಟ್ಟು ತೋರಿಸಿ ತೋರಿಸಿ ಬೇಸತ್ತ ಅದರ ಮಾಲಕರು ಮಕ್ಕಳಿಗಾಗಿ ಏನಾದರೂ ಹೊಸದು ಮಾಡಬೇಕೆಂದು ಹೊರಟರು. ಸಾಲೆಗೆ ರಜೆ ಇರುವ ಐತ್ವಾರ ಬೆಳಗ್ಗೆ ಹತ್ತಕ್ಕೆ ಒಂದು ವಿಡಿಯೋ ಗೇಮ್ ಟಿವಿಯಲ್ಲಿ ಬರಬೇಕು. ಮಕ್ಕಳು ಮನೆಯಿಂದ ಫೋನ್ ಮಾಡಿ "ಮುಂದ, ಹಿಂದ, ಹಾರು, ಕೂಡು" ಅನ್ನಬೇಕು. ಹೇಳಿದಂತೆ ಆಟದೊಳಗಿನ ಗೊಂಬೆ ನಡೆಯಬೇಕು. ಧಾರವಾಡದ ಕಾಲೇಜಿನಲ್ಲಿ ಓದುತ್ತಿದ್ದ ಸುಶ್ರುತ ಎಂಬ ಮಾತಿನಮಲ್ಲನನ್ನು ನಡೆಸಿಕೊಡಲು ಹಿಡಿದು ತಂದರು. ಇಸ್ತಿಯಾಕ ಒಂದು ಚೀನೀ ಕ್ಯಾಸೆಟ್ಟು ಕೊಟ್ಟ. ಅದರ ಮೇಲಿನ ಹೆಸರನ್ನು ಓದಬಲ್ಲವರು ಈ ಜಿಲ್ಲೆಯಲ್ಲಿ ಯಾರೂ ಇರಲಿಲ್ಲ. ಒಳಗೆ ನೀಲಿ ಅಂಗಿಯ ಒಬ್ಬ ಗಿಡ್ಡ ಹುಡುಗ, ಅವನ ದಾರಿಯಲ್ಲಿ ಏಳು ಬಾವಿ, ಹಿಂದಿನಿಂದ ಉರುಳಿಕೊಂಡು ಬರುವ ಒಂದು ಗುಂಡು, ಕೊನೆಗೆ ಒಂದು ಏಣಿ, ಏಣಿಯ ಮೇಲೊಂದು ಗಂಟೆ. ಗಂಟೆ ಬಾರಿಸಿದರೆ ಗೆದ್ದಂತೆ. ಸುಶ್ರುತ ಅವನಿಗೆ ಪುಟ್ಯಾ ಎಂದು ನಾಮಕರಣ ಮಾಡಿದ. ಕಾರ್ಯಕ್ರಮದ ಹೆಸರು 'ಹಾರೋ ಪುಟ್ಯಾ' ಎಂದಾಯಿತು.

ಪ್ರಯೋಗದ ದಿನವೇ ಫಜೀತಿ. ಸುಶ್ರುತನಿಗೆ ಮಾತಾಡುತ್ತ ಆಡಲು ಬರುತ್ತಿರಲಿಲ್ಲ. "ನಮಸ್ಕಾರ ಮಕ್ಕಳೇ" ಅನ್ನುವುದರಲ್ಲೇ ಪುಟ್ಯಾ ಮೊದಲನೇ ಬಾವಿಗೆ ಐದು ಸಲ ಬಿದ್ದು ಸತ್ತ. ಮಾಲಕರು ತಲೆಗೆ ಕೈ ಹಚ್ಚಿ ಕೂತರು. ಆಗ ಇಸ್ತಿಯಾಕ, "ನಮ್ಮ ತಂಗಿ ಅದಾಳ್ರಿ" ಅಂದ.

ಕಾಸಿಮಸಾಬ ಒಂದು ದಿನ ಯೋಚನೆ ಮಾಡಿ ಒಪ್ಪಿಗೆ ಕೊಟ್ಟ, ಒಂದು ಕರಾರಿನ ಮೇಲೆ. "ಮುಖ ಕಾಣಬಾರದು, ಹೆಸರು ಬರಬಾರದು." ಹಳೆಯ ಕ್ಯಾಸೆಟ್ಟು ತುಂಬಿದ ಒಂದು ಕೋಣೆಯಲ್ಲಿ ಮೈಮುನಾಗೆ ಸ್ಟೂಲು ಹಾಕಿದರು. ಎದುರಿಗೆ ಸಣ್ಣ ಟಿವಿ, ಕಿವಿಗೆ ಫೋನಿನ ಮಾತು ಕೇಳುವ ಹೆಡ್‌ಫೋನು, ಕೈಯಲ್ಲಿ ಹ್ಯಾಂಡಲ್ಲು. ಹೊರಗೆ ಕ್ಯಾಮೆರಾ ಮುಂದೆ ಸುಶ್ರುತನೂ ಒಂದು ಹ್ಯಾಂಡಲ್ ಹಿಡಿದು ಗುಂಡಿ ಒತ್ತಿದಂತೆ ಮಾಡುತ್ತಿದ್ದ. ಅದರ ವೈರು ಜಮಖಾನೆಯ ಕೆಳಗೆ ಹೋಗಿ ಅಲ್ಲಿಯೇ ಮುಗಿದಿತ್ತು.

ಅವಳಿಗೆ ಹಾಕಿಕೊಟ್ಟ ನಿಯಮ ಒಂದೇ. ಅದನ್ನು ಸುಶ್ರುತ ಪ್ರತಿ ವಾರ ಹೇಳುತ್ತಿದ್ದ: "ಪುಟ್ಯಾ ನೀವು ಹೇಳಿದ್ದು ಕೇಳ್ತಾನ. ಹೆಚ್ಚಿಗೂ ಕೇಳೂದಿಲ್ಲ, ಕಡಿಮಿನೂ ಕೇಳೂದಿಲ್ಲ." ಮೈಮುನಾ ಈ ನಿಯಮವನ್ನು ನಮಾಜಿನಷ್ಟು ಕಟ್ಟುನಿಟ್ಟಾಗಿ ಪಾಲಿಸಿದಳು. ಎದುರಿಗೆ ಬಾವಿ ಕಾಣುತ್ತಿದೆ, ಫೋನಿನಲ್ಲಿರುವ ಮಗು "ಮುಂದ, ಮುಂದ" ಅನ್ನುತ್ತಿದೆ ಎಂದರೆ ಪುಟ್ಯಾನನ್ನು ನೆಟ್ಟಗೆ ಬಾವಿಗೆ ಇಳಿಸುತ್ತಿದ್ದಳು. ಫೋನ್ ಮಾಡುವವರೂ ತರತರ. ಒಬ್ಬಳಿಗೆ "ಹಾರು" ಬಿಟ್ಟು ಬೇರೆ ಮಾತೇ ಬರದು. ಪುಟ್ಯಾ ನಿಂತಲ್ಲೇ ಕಪ್ಪೆಯಂತೆ ಹಾರುತ್ತಿದ್ದ. ಇನ್ನೊಂದು ಮನೆಯಲ್ಲಿ ಅಣ್ಣ-ತಮ್ಮ ರಿಸೀವರಿಗಾಗಿ ಹೊಡೆದಾಡಿ ಫೋನೇ ಕೆಳಗೆ ಬಿದ್ದು ಸದ್ದಾಗುತ್ತಿತ್ತು. ಕೆಲವು ತಿಂಗಳಲ್ಲಿ ಮೈಮುನಾಗೆ ಹೆಸರು ಹೇಳುವ ಮೊದಲೇ ಉಸಿರಿನ ಮೇಲೆ ಮಕ್ಕಳ ಗುರುತು ಹತ್ತತೊಡಗಿತು.

ಹಾಗೆ ಗುರುತು ಹತ್ತಿದವರಲ್ಲಿ ಒಬ್ಬ ಗುರುಬಸವ. ಹತ್ತು ವರ್ಷದವನು, ನವನಗರದಿಂದ ಫೋನ್ ಮಾಡುತ್ತಿದ್ದ. ಅಜ್ಜ ಸಿದ್ದಲಿಂಗಪ್ಪನವರದು ಅಮರಗೋಳದ ಎಪಿಎಂಸಿಯಲ್ಲಿ ಹತ್ತಿ ವ್ಯಾಪಾರ. ಹುಡುಗನಿಗೆ ಮಾತು ತೊದಲುತ್ತಿತ್ತು. 'ಮುಂದ' ಸರಾಗವಾಗಿ ಬರುತ್ತಿತ್ತು. 'ಹಾರು' ಬರುತ್ತಿರಲಿಲ್ಲ. ಹ ಅಕ್ಷರ ಅವನ ಗಂಟಲಲ್ಲಿ ಕೂತುಬಿಡುತ್ತಿತ್ತು. ಹೆಡ್‌ಫೋನಿನಲ್ಲಿ ಮೈಮುನಾಗೆ ಅವನು ಉಸಿರು ಎಳೆದುಕೊಳ್ಳುವುದು ಕೇಳುತ್ತಿತ್ತು, ತಡೆದು ನಿಲ್ಲುವುದು ಕೇಳುತ್ತಿತ್ತು, ಮತ್ತೆ ಎಳೆದುಕೊಳ್ಳುವುದು ಕೇಳುತ್ತಿತ್ತು. ಅಷ್ಟರಲ್ಲಿ ಹಿಂದಿನ ಗುಂಡು ಬಂದು ಪುಟ್ಯಾನನ್ನು ಬಾವಿಗೆ ನೂಕುತ್ತಿತ್ತು.

"ಏ, ಹಾರು ಅನ್ಲಿಕ್ಕೆ ಬರ್ದಿದ್ರ ಜಿಗಿ ಅನ್ನಪಾ, ನಡೀತದ" ಎಂದು ಸುಶ್ರುತ ಒಂದು ವಾರ ಸಲಹೆ ಕೊಟ್ಟ. ಹುಡುಗ, "ಎಲ್ಲಾರೂ ಏನಂತಾರೋ ಅದನ್ನ ಅಂತೀನ್ರಿ" ಅಂದ. ಮುಂದಿನ ವಾರ ಮತ್ತೆ ಫೋನ್ ಮಾಡಿದ, ಮತ್ತೆ ಬಿದ್ದ.

ಹನ್ನೊಂದು ಐತ್ವಾರ ಹೀಗೇ ಆಯಿತು. ಕೋಣೆಯಲ್ಲಿ ಕೂತ ಮೈಮುನಾಳ ಹೆಬ್ಬೆರಳು ಗುಂಡಿಯ ಮೇಲೇ ಇದೆ, ಒತ್ತಿದರೆ ಮುಗಿಯಿತು. ಆದರೆ ನಿಯಮ ನಿಯಮವೇ. ಎರಡು ಮೂರು ಸಲ ಅವನ ಫೋನು ಇಟ್ಟ ಮೇಲೆ ಓಢಣಿಯಿಂದ ಕಣ್ಣೊರೆಸಿಕೊಂಡೇ ಮುಂದಿನ ಮಗುವಿನ ಆಟ ಆಡಿಸಿದಳು. ನಾನೊಂದು ಕಲ್ಲು, ನನ್ನ ಕೈಯಿಂದಲೇ ಆ ಕೂಸು ವಾರವಾರ ಸೋಲುತ್ತಿದೆ ಎಂದು ತನ್ನನ್ನೇ ಬೈದುಕೊಂಡಳು.

ಹನ್ನೆರಡನೇ ವಾರ ಕಾರ್ಯಕ್ರಮ ಶುರುವಾಗುವ ಮುಂಚೆ ಸುಶ್ರುತ ಕೋಣೆಯ ಬಾಗಿಲಿಗೆ ಬಂದು ನಿಂತ. "ಆ ನವನಗರದ ಹುಡುಗನ ಫೋನು ಇವತ್ತ ಕಡೀದು. ಭಾಳ ಹೊತ್ತು ಹಿಡೀತಾನ, ಬ್ಯಾರೆ ಹುಡುಗ್ರ ಮನಿಯವ್ರು ತಕರಾರು ತಗದಾರ. ಮುಂದಿನ ವಾರದಿಂದ ತಗೋಬ್ಯಾಡ್ರಿ ಅಂದಾರ ಮಾಲಕ್ರು." ಹೇಳುವಾಗ ಅವನ ಮುಖವೂ ಸಣ್ಣದಾಗಿತ್ತು.

ಅವತ್ತು ಗುರುಬಸವ "ಮುಂದ" ಅಂದ. ಪುಟ್ಯಾ ನಡೆದ. ಮೊದಲನೇ ಬಾವಿ ಬಂತು. ಹುಡುಗ ಉಸಿರು ಎಳೆದುಕೊಂಡ. ಹಿಂದಿನಿಂದ ಗುಂಡು ಉರುಳಿತು. ಆ ಉಸಿರು ಮಾತಾಗುವುದನ್ನು ಕಾಯದೆ ಮೈಮುನಾ ಗುಂಡಿ ಒತ್ತಿಬಿಟ್ಟಳು. ಪುಟ್ಯಾ ಹಾರಿದ. ಅಲ್ಲಿಂದ ಅವಳ ಕೈ ನಿಲ್ಲಲಿಲ್ಲ. ಎರಡನೆಯದು, ಮೂರನೆಯದು, ಏಳೂ ಬಾವಿ, ಆಮೇಲೆ ಏಣಿ. ಢಣ್ ಎಂದು ಗಂಟೆ ಮೊಳಗಿತು. ಸುಶ್ರುತ ಕುರ್ಚಿ ಬಿಟ್ಟೆದ್ದು ಕುಣಿದಾಡಿದ. ಆ ಗದ್ದಲದಲ್ಲಿ ಹುಡುಗ ಏನು ಹೇಳಿದ, ಏನು ಹೇಳಲಿಲ್ಲ ಎಂದು ಯಾರೂ ಲೆಕ್ಕ ಇಡಲಿಲ್ಲ.

ಬಹುಮಾನದ ನೀರಿನ ಬಾಟ್ಲಿ ಒಯ್ಯಲು ಅಜ್ಜನ ಜೊತೆ ಅವನು ಆಫೀಸಿಗೆ ಬಂದಾಗ ಮೈಮುನಾ ಬಾಗಿಲ ಸಂದಿಯಿಂದ ನೋಡಿದಳು. ಹಣೆಗೆ ವಿಭೂತಿ, ಎಣ್ಣೆ ಹಚ್ಚಿ ಬಾಚಿದ ತಲೆ, ತೆಳ್ಳನೆಯ ಹುಡುಗ. ಅವನು ನಗಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡಳು. ಅವನು ಮತ್ತೆಂದೂ ಫೋನ್ ಮಾಡಲಿಲ್ಲ. ಗೆದ್ದು ಮನಸ್ಸು ತುಂಬಿತಲ್ಲ, ಇನ್ನೇಕೆ ಮಾಡಿಯಾನು ಎಂದು ಅದಕ್ಕೂ ಅವಳೇ ಉತ್ತರ ಹೊಂದಿಸಿಕೊಂಡಳು.

ಮರುವರ್ಷ ಕಾರ್ಯಕ್ರಮ ನಿಂತಿತು. ಮೈಮುನಾಗೆ ಮದುವೆಯಾಯಿತು, ಮುಸ್ಕಾನ್ ಹುಟ್ಟಿದಳು, ಬಾಡಿಗೆಯ ಪಿಕೋ ಮಿಷನ್ನು ಸ್ವಂತದ್ದಾಯಿತು. ಕಾಸಿಮಸಾಬ ತೀರಿಕೊಂಡು ಹನ್ನೆರಡು ವರ್ಷವಾಗಿದೆ. ಇಸ್ತಿಯಾಕ ಈಗ ಮನೆಮನೆಗೆ ಸಿಸಿ ಕ್ಯಾಮೆರಾ ಕೂಡಿಸುತ್ತಾನೆ.

ಮೊನ್ನೆ ಮೊನ್ನೆ ಮುಸ್ಕಾನ್ ಫೋನ್ ಹಿಡಿದು ಅಂಗಡಿಗೆ ಓಡಿಬಂದಳು. ಹುಬ್ಬಳ್ಳಿ-ಧಾರವಾಡದ ಹಳೆಯ ನೆನಪು ಹಂಚಿಕೊಳ್ಳುವವರ ಗುಂಪೊಂದರಲ್ಲಿ ಯಾರೋ 'ಹಾರೋ ಪುಟ್ಯಾ'ದ ಎರಡು ನಿಮಿಷದ ತುಣುಕು ಹಾಕಿದ್ದರು. ಹಳೆಯ ವಿಡಿಯೋ ಕ್ಯಾಸೆಟ್ಟಿನಿಂದ ತೆಗೆದದ್ದು; ಬಣ್ಣ ಅಳಿಸಿದೆ, ನಡುವೆ ಗೆರೆ ಓಡಾಡುತ್ತದೆ. ಆದರೂ ನೀಲಿ ಅಂಗಿಯ ಪುಟ್ಯಾ ಬಾವಿ ಹಾರುತ್ತಿದ್ದ. ಮೈಮುನಾಳ ಹೆಬ್ಬೆರಳು ತನಗರಿಯದೆ ಅಲುಗಾಡಿತು.

ಕೆಳಗೆ ಮುನ್ನೂರು ಜನ ಬರೆದಿದ್ದರು. ಬಾಲ್ಯ ನೆನಪಾಯಿತು, ಕಣ್ಣಲ್ಲಿ ನೀರು ಬಂತು, ಸುಶ್ರುತ ಅಣ್ಣಾ ಏನ್ ಆಡತಿದ್ರಿ! ಈಗ ಪುಣೆಯಲ್ಲಿರುವ ಸುಶ್ರುತ ಎಲ್ಲರಿಗೂ ಕೈಮುಗಿಯುವ ಚಿತ್ರ ಕಳಿಸುತ್ತ ಕೂತಿದ್ದ. ಮೈಮುನಾ ಒಂದೊಂದೇ ಓದುತ್ತ ಹೋದಳು. ಅಷ್ಟರಲ್ಲಿ ಒಂದು ಹೆಸರಿನ ಹತ್ತಿರ ಕಣ್ಣು ನಿಂತಿತು. ಗುರುಬಸವ. ಕೆಳಗೆ ಹೀಗೆ ಬರೆದಿತ್ತು: "ಒಂದು ಐತ್ವಾರ ನಾನು ಹಾರು ಅನ್ನುವ ಮೊದಲೇ ಪುಟ್ಯಾ ಹಾರಿದ. ಹಾರಿಸಿದವರು ಯಾರಂತ ಯಾರಿಗಾದರೂ ಗೊತ್ತಿದೆಯೇ?" ಸುಶ್ರುತ ಅದಕ್ಕೆ ನಿಜವನ್ನೇ ಹೇಳಿದ್ದ. "ನಾನಲ್ಲ. ನನ್ನ ಕೈಯಲ್ಲಿದ್ದ ಹ್ಯಾಂಡಲಿನ ವೈರು ಎಲ್ಲಿಗೂ ಹೋಗಿರಲಿಲ್ಲ. ಒಳಗೆ ನಮ್ಮ ಮೆಕ್ಯಾನಿಕ್ ಇಸ್ತಿಯಾಕನ ತಂಗಿ ಆಡಿಸುತ್ತಿದ್ದರು. ಅವರ ಹೆಸರು ನನಗೆ ಗೊತ್ತಿಲ್ಲ."

"ಅಮ್ಮೀ, ನಾ ಬರೀಲೇನು ನಿನ್ನ ಹೆಸರು?" ಮುಸ್ಕಾನ್ ಕೇಳಿದಳು.

ಮೈಮುನಾಗೆ ಅಪ್ಪನ ಕರಾರು ನೆನಪಾಯಿತು. ಆಮೇಲೆ, "ಬರಿ" ಅಂದಳು. "ಪೂರ್ತಿ ಬರಿ. ಗೋಕುಲ ರೋಡಿನ ಅಂಗಡೀನೂ ಬರಿ."

ಗುರುಬಸವನಿಂದ ಸಂಜೆಯೊಳಗೆ ಉತ್ತರ ಬಂತು. ಶನಿವಾರ ಬಂದು ಕಾಣುತ್ತೇನೆ ಎಂದಿದ್ದ. ಶನಿವಾರದ ತನಕ ಮೈಮುನಾ ನೆಲದ ಮೇಲೆ ಇರಲಿಲ್ಲ. ಅಂಗಡಿಯ ಜೇಡರ ಬಲೆ ತೆಗೆದಳು, ದಾರದ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿದಳು, ಪೆಟ್ಟಿಗೆಯಲ್ಲಿದ್ದ ಹಸಿರು ಓಢಣಿ ಹೊರಗೆ ತೆಗೆದಳು. "ಏನು, ಸನ್ಮಾನ ಐತೇನು? ಹಾರ ತರಲೇನು?" ಎಂದು ಜಾವೀದ ಕಾಡಿಸಿದ. ಅವಳು ನಕ್ಕಳು, ಇಲ್ಲ ಅನ್ನಲಿಲ್ಲ. ಅವಳಿಗೆ ಬೇಕಾದದ್ದು ಹಾರವಲ್ಲ. ನೀವು ಮಾಡಿದ್ದು ಛಲೋ ಆತು, ಅಷ್ಟೇ ಅವನು ಅನ್ನಬೇಕು. ಆ ಒಂದು ಮಾತಿನ ಆಸೆ ಇಪ್ಪತ್ತೈದು ವರ್ಷದ್ದು.

ಬಂದವನು ಎತ್ತರದ ಆಳು. ಕುರುಚಲು ಗಡ್ಡ, ಬಿಳಿ ಅಂಗಿಯ ತೋಳಿಗೆ ಅಲ್ಲಲ್ಲಿ ಅಂಟಿದ ಹತ್ತಿಯ ಎಳೆ. ಅಜ್ಜನ ಅಂಗಡಿಯನ್ನು ಈಗ ಅವನೇ ನಡೆಸುತ್ತಾನೆ. "ಅಕ್ಕಾರ, ನಾನು ಗುರುಬಸವ" ಎಂದು ಚಪ್ಪಲಿ ಬಿಟ್ಟು ಒಳಗೆ ಬಂದ.

"ಬರ್ರಿ, ಬರ್ರಿ, ಕೂಡ್ರಿ! ಬಿಸಲಾಗ ಬಂದೀರಿ, ನೀರು ಕುಡೀರಿ, ಆಮ್ಯಾಲೆ ಚಾ. ಸಕ್ರಿ ಕಡಿಮಿ ಹಾಕಬೇಕು, ಹೌದಿಲ್ರಿ?"

ಅವನು ಏನೋ ಹೇಳಹೊರಟವನು ನಕ್ಕು ಸುಮ್ಮನಾದ. ಮುಸ್ಕಾನ್ ಚಹಾ ತಂದಿಟ್ಟು ಸ್ಟೂಲಿನ ಮೇಲೆ ಕೂತಳು. ಮೈಮುನಾ ಕಾಲು ತಾಸು ಒಂದೇ ಸಮನೆ ಮಾತಾಡಿದಳು. ಟೆಸ್ಟಿಂಗ್, ಕೋಣೆ, ಹೆಡ್‌ಫೋನು, ಎಲ್ಲಿಗೂ ಹೋಗದ ವೈರು, ಅಪ್ಪನ ಕರಾರು, ಒಂದೂ ಬಿಡಲಿಲ್ಲ. ಕಡೆಗೆ ಬಗ್ಗಿ, ಬಹಳ ದಿನದಿಂದ ಕಟ್ಟಿಟ್ಟ ಗಂಟು ಬಿಚ್ಚುವವಳ ಹಾಗೆ ಹೇಳಿದಳು: "ಹನ್ನೊಂದು ವಾರ ನಾನ ನಿನ್ನ ಬಾವಿಗೆ ನೂಕಿದೆ ತಮ್ಮಾ. ನಿಯಮ ಇತ್ತು, ಏನ್ ಮಾಡ್ಲಿ? ಆದ್ರ ಅವತ್ತು ತಡಕೊಳ್ಳಾಕ ಆಗಲಿಲ್ಲ. ನೀ ಇನ್ನ ಸೋಲಬಾರದು ಅಂತ ನಾನ ಹಾರಿಸಿದೆ."

ಹೇಳಿ ಅವನ ಮುಖ ನೋಡಿದಳು. ಅರಳಬೇಕಾದ ಮುಖ ಅರಳಲಿಲ್ಲ. ಅವನು ಚಹಾದ ಕಪ್ಪನ್ನು ಕೆಳಗಿಟ್ಟ.

"ಅಕ್ಕಾರ, ಒಂದು ಮಾತು. ಬ್ಯಾಸರ ಮಾಡ್ಕೋಬ್ಯಾಡ್ರಿ." ಅವನು ಒಂದೊಂದು ಮಾತಿಗೂ ಸಮಯ ತೆಗೆದುಕೊಂಡು ಆಡುತ್ತಿದ್ದ. ನಡುನಡುವೆ ತಡೆಯಿತು, ಮತ್ತೆ ನಡೆಯಿತು. "ಮನ್ಯಾಗ ನಾ 'ನೀ' ಅನ್ನೂದ್ರಾಗ ನಮ್ಮವ್ವ ನೀರು ತಂದು ಕೊಡ್ತಿದ್ಲು. ನನಗ ಬೇಕಾದದ್ದು ನೀಲಿ ಪೆನ್ನು. ಇರಲಿ ಅಂತ ನೀರು ಕುಡೀತಿದ್ದೆ. ಸಾಲ್ಯಾಗ ನನ್ನ ಪಾಳಿ ಬಂದ ಕೂಡ್ಲೆ ಮಾಸ್ತರು ಮುಂದಿನವನ್ನ ಎಬ್ಬಿಸ್ತಿದ್ರು. ಕೆಟ್ಟವ್ರಲ್ರಿ ಯಾರೂ. ನನಗ ತ್ರಾಸ ಆಗಬಾರ್ದು ಅಂತ ಎಲ್ಲಾರೂ ನನ್ನ ಮಾತು ಕಸಗೋತಿದ್ರು."

ಮೈಮುನಾ ಏನೋ ಅನ್ನಲು ಬಾಯಿ ತೆರೆದು, ಯಾಕೋ ಮುಚ್ಚಿದಳು.

"ಪುಟ್ಯಾ ಒಬ್ಬ ಮಾತ್ರ ಕಸಗೊಳ್ಳಲಿಲ್ಲ. ಮುಂದ ಬಾವಿ, ಹಿಂದ ಗುಂಡು. ಆದ್ರೂ ನಿಂತಿರ್ತಿದ್ದ. ಇವ ಅನ್ನೂತನಕ ನಾ ನಿಲ್ತೀನಿ ಅಂತ ನಿಂತಿರ್ತಿದ್ದ. ಬಾವ್ಯಾಗ ಬಿದ್ದಾನ ಖರೆ, ಆದ್ರ ನನ್ನ ಬಿಟ್ಟು ಹಾರಲಿಲ್ಲ. ನೀವು ಸೋಲಬಾರದು ಅಂದ್ರಿ. ನನಗ ಸೋತಂಗ ಅನಸ್ತಿದ್ದಿಲ್ಲರಿ. ಐತ್ವಾರ ಬರೂದನ್ನ ಕಾಯ್ತಿದ್ದೆ."

"ಅವತ್ತು?" ಮೈಮುನಾ ಕೇಳಿದಳು. ದನಿ ಸಣ್ಣದಾಗಿತ್ತು.

"ಅವತ್ತು ಮಾತು ಇನ್ನೂ ಬಾಯಾಗ ಇತ್ತು. ಟಿವ್ಯಾಗ ನೋಡಿದ್ರ ಪುಟ್ಯಾ ಹಾರಿದ್ದ. ಮನ್ಯಾಗ ಎಲ್ಲಾರೂ ಚಪ್ಪಾಳಿ ಬಡದ್ರು, ಅಜ್ಜ ನನ್ನ ಎತ್ತಿಕೊಂಡ. ಪುಟ್ಯಾನೂ ನಮ್ಮವ್ವನಂಗ ಆದ್ನಲ್ಲ ಅಂತ ನಾ ಬಚ್ಚಲಕ್ಕ ಹೋಗಿ ಅತ್ತೆ. ಆಮ್ಯಾಲೆ ಫೋನ್ ಮಾಡೂ ಮನಸ್ಸ ಆಗಲಿಲ್ಲ."

ಮೈಮುನಾ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಒಂದೇ ಒಂದು ಒಳ್ಳೆಯ ಕೆಲಸ! ಅದು ಒಂದು ಕೂಸನ್ನು ಬಚ್ಚಲಲ್ಲಿ ಅಳಿಸಿತ್ತು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಹಸಿರು ಓಢಣಿ ಹಾಕಿಕೊಂಡದ್ದಕ್ಕೂ ತನ್ನ ಮೇಲೆ ಸಿಟ್ಟು ಬಂತು. ಇದನ್ನು ಹೇಳಲಿಕ್ಕೆಂದೇ ಇವನು ಬಿಸಿಲಲ್ಲಿ ಇಲ್ಲಿಯತನಕ ಬಂದಿದ್ದಾನೆ, ಬರಬೇಕಾದದ್ದೇ ಎಂದುಕೊಂಡಳು.

"ನಂದು ತಪ್ಪಾತು ತಮ್ಮಾ" ಅಂದಳು.

ಗುರುಬಸವ ಜೋರಾಗಿ ತಲೆ ಅಲ್ಲಾಡಿಸಿದ. "ಅಲ್ರಿ, ಅಲ್ರಿ. ಅದನ್ನ ಅನ್ನಾಕ ಬಂದಿಲ್ಲ ನಾ. ನಾ ಬಂದದ್ದು..."

ಅಲ್ಲಿ ಅವನ ಮಾತು ನಿಂತಿತು. ತುಟಿ ತೆರೆದಿತ್ತು, ಉಸಿರು ಹೊರಡುತ್ತಿರಲಿಲ್ಲ. ಇಪ್ಪತ್ತೈದು ವರ್ಷದ ಮೇಲೂ ಅದೇ ಅಕ್ಷರ. ಮೈಮುನಾಳ ನಾಲಿಗೆಯ ತುದಿಗೆ ಒಮ್ಮೆಲೇ ನಾಲ್ಕು ಮಾತು ಬಂದು ನಿಂತವು: ಹಳೇದು, ಹೋಗಲಿ, ಹೇಳಾಕ, ಹಾಂಗ ಸುಮ್ನ. ಒಂದಲ್ಲ ಒಂದು ಸರಿ ಇದ್ದೇ ಇರುತ್ತದೆ. ಅಂಗಡಿಯಲ್ಲಿ ಅವಳು ಎಂದಾದರೂ ತಪ್ಪಿದ್ದುಂಟೇ? ಮುಸ್ಕಾನ್ ಸಹಾಯಕ್ಕೆಂದು ಮುಂದೆ ಬಗ್ಗಿ, "ಹಳೇ..." ಎಂದು ಶುರು ಮಾಡಿದಳು. ಮೈಮುನಾ ಅವಳ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು. ನಾಲ್ಕೂ ಮಾತನ್ನು ಒಂದೊಂದಾಗಿ ನುಂಗಿದಳು.

ಅಷ್ಟರಲ್ಲಿ ಗಿರಾಕಿಯೊಬ್ಬಳು ಸೀರೆಯ ಚೀಲ ಹಿಡಿದು ಮೆಟ್ಟಿಲು ಹತ್ತಿದಳು. ಮೈಮುನಾ ಕೈಸನ್ನೆಯಿಂದಲೇ ಅವಳನ್ನು ಕೂಡಿಸಿದಳು. ಹೊರಗೆ ಜಾವೀದ ಯಾವುದೋ ಬೈಕಿಗೆ ಕಿಕ್ ಹೊಡೆಯುತ್ತಿದ್ದ. ಅದು ಹೊತ್ತಿತು, ಆರಿತು, ಮತ್ತೆ ಹೊತ್ತಿತು. ಗುರುಬಸವ ಕಣ್ಣು ಮುಚ್ಚಿಕೊಂಡಿದ್ದ. ಅವನ ಮುಖದಲ್ಲಿ ಅವಸರ ಇರಲಿಲ್ಲ, ಸಂಕೋಚವೂ ಇರಲಿಲ್ಲ. ಮೈಮುನಾ ಅವನ ತುಟಿಯನ್ನು ನೋಡಲಿಲ್ಲ. ನೋಡಿದರೆ ಮಾತು ತನ್ನ ಬಾಯಿಂದ ಜಾರಿಬಿಟ್ಟೀತೆಂದು ನೆಲ ನೋಡುತ್ತ ಕೂತಳು.

"ಹನ್ನೊಂದು ಐತ್ವಾರ" ಅಂದ ಅವನು. ಕಣ್ಣು ತೆರೆದು ಅವಳನ್ನು ನೋಡಿ ಮತ್ತೊಮ್ಮೆ ಪೂರ್ತಿಯಾಗಿ ಹೇಳಿದ. "ಹನ್ನೊಂದು ಐತ್ವಾರ ನನ್ನ ಸಲುವಾಗಿ ಕಾದ್ರಿ ನೋಡ್ರಿ, ಅವರು ಯಾರು ಅಂತ ಒಮ್ಮಿ ನೋಡಬೇಕಾಗಿತ್ತು. ಅದಕ್ಕ ಬಂದೆ."

ಮೈಮುನಾ ಉತ್ತರ ಕೊಡಲು ನೋಡಿದಳು. ಮಾತಿನ ಬದಲು ಅಳು ಬಂತು. ಒಮ್ಮೆ ಬಾಯಿ ತೆರೆದಳು, ಆಗಲಿಲ್ಲ. ಇನ್ನೊಮ್ಮೆ ತೆರೆದಳು, ಆಗಲೂ ಆಗಲಿಲ್ಲ. ಗುರುಬಸವ ಇರಲಿ ಬಿಡ್ರಿ ಅನ್ನಲಿಲ್ಲ, ತಿಳೀತು ಅನ್ನಲಿಲ್ಲ. ಆರಿದ ಚಹಾದ ಮುಂದೆ ಕೈಕಟ್ಟಿಕೊಂಡು, ಅವಳು ಹೇಳುವ ತನಕ ಕೂತ.